ನೌಕಾನೆಲೆಯ ಗೇಟಿನೊಳಗೆ ಪೊಲೀಸರ ಕಾನೂನು ನಡೆಯುವುದಿಲ್ಲವೇ?

"ನೇವಿಯವರ ಮೇಲೆ ಪೊಲೀಸರಿಗೆ ಕೇಸ್ ಮಾಡಲಿಕ್ಕೆ ಬರುವುದಿಲ್ಲ. ಅವರದ್ದು ಅವರೇ ನೋಡಿಕೊಳ್ಳುತ್ತಾರೆ." ಸೇನಾ ನೆಲೆ ಇರುವ ಯಾವ ಊರಿಗೆ ಹೋದರೂ ಇಂಥದೊಂದು ಮಾತು ಚಾಲ್ತಿಯಲ್ಲಿರುತ್ತದೆ. ಕಾರವಾರ, ಅಂಕೋಲಾದಂಥ ಕಡೆ ಇದನ್ನು ಜನ ನಂಬುವುದಕ್ಕೆ ಕಾರಣವೂ ಇದೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಆಮೇಲೆ ಅರ್ಗಾ, ಚೆಂಡಿಯಾ, ಹಾರವಾಡ ಮುಂತಾದ ಹಳ್ಳಿಗಳ ಜನ ಮನೆ, ಗದ್ದೆ, ದೋಣಿ ನಿಲ್ಲಿಸುವ ದಂಡೆ ಎಲ್ಲವನ್ನೂ ಬಿಟ್ಟು ಎದ್ದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ನಿನ್ನೆಯವರೆಗೆ ನಡೆದಾಡಿದ ನೆಲದಲ್ಲಿ ಬೇಲಿ, ಗೇಟು, ಪಾಸು, ಬಂದೂಕು ಹಿಡಿದ ಕಾವಲು ಬಂದರೆ, ಒಳಗಿರುವುದು ಬೇರೆಯೇ ರಾಜ್ಯ ಎಂದು ಯಾರಿಗಾದರೂ ಅನಿಸುತ್ತದೆ.

ನೆಲದ ಮಟ್ಟಿಗೆ ಈ ಅನಿಸಿಕೆ ಇದ್ದರೆ ಇರಲಿ. ಆದರೆ ಒಬ್ಬ ಹೆಂಗಸಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದು, ಆರೋಪಿ ಸಮವಸ್ತ್ರದವನಾಗಿದ್ದರೆ, ಇದೇ ಅನಿಸಿಕೆ ಅವಳನ್ನು ಠಾಣೆಯ ಮೆಟ್ಟಿಲು ಹತ್ತದಂತೆ ತಡೆಯುತ್ತದೆ. ಹಾಗಾಗಿ ಕಾನೂನು ನಿಜಕ್ಕೂ ಏನು ಹೇಳುತ್ತದೆ, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂದು ಇಲ್ಲಿ ನೋಡುತ್ತೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಕದಂಬ ನೆಲೆಯಲ್ಲಿ ಇಂಥ ಘಟನೆ ನಡೆದಿದೆ ಎಂಬುದು ಈ ಬರಹದ ವಾದವಲ್ಲ. ನೆಲೆಯ ಸುತ್ತ ಬದುಕುವವರಿಗೆ ಗೊತ್ತಿರಬೇಕಾದ ದಾರಿ ಯಾವುದು ಎಂಬುದಷ್ಟೇ ನಮ್ಮ ವಿಷಯ.

ಕೇಳಬೇಕಾದ ಪ್ರಶ್ನೆ: ದೌರ್ಜನ್ಯಕ್ಕೆ ಒಳಗಾದವರು ಯಾರು?

ಎಲ್ಲರೂ ಆರೋಪಿ ಯಾರು ಎಂದು ಮೊದಲು ಕೇಳುತ್ತಾರೆ. ಕಾನೂನು ಮೊದಲು ನೋಡುವುದು ಸಂತ್ರಸ್ತೆ ಯಾರು ಎಂಬುದನ್ನು.

ನೌಕಾಪಡೆಯವರಿಗೆ ಅನ್ವಯಿಸುವುದು 1957ರ ನೌಕಾಪಡೆ ಕಾಯ್ದೆ. ಅದರಡಿ ಕೋರ್ಟ್ ಮಾರ್ಷಲ್ ಅಂದರೆ ಸೇನಾ ನ್ಯಾಯಾಲಯ ನಡೆಯುತ್ತದೆ. ಸಾಮಾನ್ಯ ಅಪರಾಧಗಳನ್ನೂ ಅಲ್ಲಿ ವಿಚಾರಣೆ ಮಾಡಲು ಅವಕಾಶವಿದೆ. ಜನರ ನಂಬಿಕೆಯಲ್ಲಿ ಅಷ್ಟು ಮಟ್ಟಿನ ಸತ್ಯವಿದೆ. ಆದರೆ ಇದೇ ಕಾಯ್ದೆಯ 78ನೇ ಸೆಕ್ಷನ್ ಒಂದು ಗೆರೆ ಎಳೆಯುತ್ತದೆ. ಸೇನೆಯ ಕಾನೂನಿಗೆ ಒಳಪಡದ ವ್ಯಕ್ತಿಯ ಮೇಲೆ ನೌಕಾಪಡೆಯವನು ಕೊಲೆ ಅಥವಾ ಅತ್ಯಾಚಾರ ಎಸಗಿದರೆ, ಅದನ್ನು ಕೋರ್ಟ್ ಮಾರ್ಷಲ್ ವಿಚಾರಣೆ ಮಾಡುವಂತಿಲ್ಲ. ಅದು ಊರಿನ ಪೊಲೀಸರಿಗೆ, ಸೆಷನ್ಸ್ ನ್ಯಾಯಾಲಯಕ್ಕೆ ಸೇರಿದ್ದು. ಇದಕ್ಕೆ ವಿನಾಯಿತಿಗಳಿವೆ: ಅಪರಾಧ ಭಾರತದ ಹೊರಗೆ ನಡೆದಿದ್ದರೆ, 'ಸಕ್ರಿಯ ಸೇವೆ' ಎಂದು ಕಾನೂನು ಕರೆಯುವ ಅವಧಿಯಲ್ಲಿ ನಡೆದಿದ್ದರೆ, ಅಥವಾ ಕೇಂದ್ರ ಸರಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಸ್ಥಳದಲ್ಲಿ ನಡೆದಿದ್ದರೆ ಕೋರ್ಟ್ ಮಾರ್ಷಲ್‌ಗೆ ಅವಕಾಶ ಸಿಗುತ್ತದೆ. ಭೂಸೇನೆಗೂ ವಾಯುಪಡೆಗೂ 1950ರ ಕಾಯ್ದೆಗಳಲ್ಲಿ ಇದೇ ಬಗೆಯ ನಿಯಮವಿದೆ.

ಹಾಗಾದರೆ 'ಸೇನೆಯ ಕಾನೂನಿಗೆ ಒಳಪಡದವರು' ಯಾರು? ಗೊಂದಲ ಹುಟ್ಟುವುದು ಇಲ್ಲೇ. ನೌಕಾಪಡೆಯ ವಸತಿಗೃಹಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಬರುವ ಹೆಂಗಸು ಸೇನೆಯ ಕಾನೂನಿಗೆ ಒಳಪಡುವುದಿಲ್ಲ. ಎರಡನೇ ಹಂತದ ಕಾಮಗಾರಿಗೆ ಗುತ್ತಿಗೆದಾರನ ಕಡೆಯಿಂದ ಬಂದ ಕೂಲಿಯವಳೂ ಇಲ್ಲ. ಬಾಗಿಲಿಗೆ ಮೀನು ತರುವವಳು, ಸಮವಸ್ತ್ರವಿಲ್ಲದ ಸಿವಿಲಿಯನ್ ಗುಮಾಸ್ತೆ, ವಸತಿಗೃಹದ ಮಕ್ಕಳಿಗೆ ಟ್ಯೂಷನ್ ಹೇಳುವ ಹುಡುಗಿ ಇವರಾರೂ ಅಲ್ಲ. ಅಷ್ಟೇ ಏಕೆ, ನಾವಿಕನ ಹೆಂಡತಿ ಕೂಡ ಕಾನೂನಿನ ಕಣ್ಣಿಗೆ ಸಾಮಾನ್ಯ ನಾಗರಿಕಳೇ. ಗಂಡ ಕಮಾಂಡರ್ ಆಗಿದ್ದರೂ ಸರಿ, ಅವಳು ಇರುವುದು ಬೇಲಿಯೊಳಗಿನ ಮನೆಯಲ್ಲಾದರೂ ಸರಿ. ಗಂಡನ ಸಹೋದ್ಯೋಗಿ ಅವಳ ಮೇಲೆ ಎರಗಿದರೆ, ಆಕೆ ಗಂಡನ ಕಮಾಂಡಿಂಗ್ ಅಧಿಕಾರಿಯ ಅನುಮತಿ ಪಡೆದು ಠಾಣೆಗೆ ಹೋಗಬೇಕಾಗಿಲ್ಲ. ಗಂಡನೇ ಹೊಡೆದು ಬಡಿದು ಮಾಡಿದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬೇಲಿಯೊಳಗೂ ಅನ್ವಯಿಸುತ್ತದೆ. ಗಂಡನಿಂದಲೇ ಆಗುವ ಅತ್ಯಾಚಾರಕ್ಕೆ ನಮ್ಮ ದಂಡ ಕಾನೂನು ಇನ್ನೂ ವಿನಾಯಿತಿ ಇಟ್ಟುಕೊಂಡಿದೆ. ಆದರೆ ಅದು ಸೇನೆಯವರಿಗೆ ಮಾತ್ರ ಕೊಟ್ಟ ವಿನಾಯಿತಿಯಲ್ಲ, ಎಲ್ಲ ಗಂಡಂದಿರಿಗೂ ಸಿಗುವಂಥದು.

ಗೇಟು ಒಂದು ಭದ್ರತಾ ವ್ಯವಸ್ಥೆ, ಅಷ್ಟೇ. ಒಳಗೆ ಹೋಗಲು ಪೊಲೀಸರು ನೆಲೆಯ ಅಧಿಕಾರಿಗಳೊಂದಿಗೆ ಪತ್ರವ್ಯವಹಾರ ಮಾಡಬೇಕಾಗುತ್ತದೆ, ಅದರಲ್ಲಿ ಸಮಯ ಹೋಗಬಹುದು. ಆದರೆ ನೆಲೆ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲೇ, ಅಲ್ಲಿ ನಡೆದ ಅಪರಾಧವೂ ಈ ಜಿಲ್ಲೆಯಲ್ಲೇ ನಡೆದದ್ದು.

"ದೆಹಲಿಯಿಂದ ಪರ್ಮಿಶನ್ ಬೇಕು" ಎಂಬ ಮಾತು

ಇದು ಎರಡು ಬೇರೆ ಬೇರೆ ಸಂಗತಿಗಳ ಕಲಬೆರಕೆ. ಮಣಿಪುರ, ಜಮ್ಮು ಕಾಶ್ಮೀರದಂಥ ಕಡೆ ಜಾರಿಯಾದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಲ್ಲಿ, ಸೈನಿಕನ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕೆಂಬ ನಿಯಮವಿದೆ. 2013ರ ಜನವರಿಯಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, ಲೈಂಗಿಕ ಅಪರಾಧಗಳ ಮಟ್ಟಿಗೆ ಈ ಅನುಮತಿಯ ಷರತ್ತನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ಆ ಕಾಯ್ದೆಯನ್ನು ಸರಕಾರ ಮುಟ್ಟಲಿಲ್ಲ. ಟಿವಿ ಚರ್ಚೆಗಳಲ್ಲಿ ಕೇಳಿದ ಈ ಸಂಗತಿ ಎಲ್ಲ ಕಡೆಗೂ ಅನ್ವಯ ಎಂದು ಜನ ತಿಳಿದುಕೊಂಡರು. ಕರ್ನಾಟಕದಲ್ಲಿ ಆ ಕಾಯ್ದೆ ಜಾರಿಯಲ್ಲಿಲ್ಲ.

ಎರಡನೆಯದು, ಸರಕಾರಿ ನೌಕರರ ಮೇಲಿನ ಮೊಕದ್ದಮೆಗೆ ಬೇಕಾಗುವ ಸಾಮಾನ್ಯ ಅನುಮತಿ. 2013ರ ತಿದ್ದುಪಡಿಯಲ್ಲಿ, ಅತ್ಯಾಚಾರ ಮತ್ತು ಲೈಂಗಿಕ ಕಿರುಕುಳದ ಆರೋಪಗಳಿಗೆ ಆ ಅನುಮತಿ ಬೇಡ ಎಂದು ಸ್ಪಷ್ಟವಾಗಿ ಬರೆಯಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಅದೇ ವರ್ಷ ಬಂದ ಭಾರತೀಯ ನ್ಯಾಯ ಸಂಹಿತೆಯ 64ನೇ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದಿದೆ. ಸರಕಾರ ಒಂದು ಪ್ರದೇಶದಲ್ಲಿ ನಿಯೋಜಿಸಿದ ಸಶಸ್ತ್ರ ಪಡೆಯವನು ಆ ಪ್ರದೇಶದಲ್ಲಿ ಅತ್ಯಾಚಾರ ಎಸಗಿದರೆ ಅದು ಹೆಚ್ಚು ಗಂಭೀರ ಸ್ವರೂಪದ ಅಪರಾಧ. ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ ಸಾಯುವ ತನಕ ಜೈಲು. ಸಮವಸ್ತ್ರ ರಕ್ಷಣೆ ಕೊಡುತ್ತದೆ ಎಂದು ಜನ ನಂಬಿದ್ದಾರೆ. ಕಾನೂನಿನ ಪುಸ್ತಕದಲ್ಲಿ ಅದು ಶಿಕ್ಷೆಯ ತೂಕ ಹೆಚ್ಚಿಸುತ್ತದೆ.

ಒಂದು ಬಿರುಕು ಮಾತ್ರ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 78ನೇ ಸೆಕ್ಷನ್ ಹೆಸರು ಹೇಳುವುದು ಕೊಲೆ, ಅತ್ಯಾಚಾರದಂಥ ಅಪರಾಧಗಳನ್ನು ಮಾತ್ರ. ಮೈಮೇಲೆ ಕೈಹಾಕುವುದು, ಹಿಂಬಾಲಿಸುವುದು, ಸ್ನಾನದ ಮನೆಯಲ್ಲಿ ಇಣುಕಿ ಚಿತ್ರ ತೆಗೆಯುವುದು ಇವೆಲ್ಲ ಆ ಪಟ್ಟಿಯಲ್ಲಿಲ್ಲ. ಇವುಗಳಿಗೂ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು, ತನಿಖೆ ಮಾಡಬೇಕು. ಆದರೆ ವಿಚಾರಣೆಗೆ ಮುನ್ನ ಮ್ಯಾಜಿಸ್ಟ್ರೇಟರು ಆರೋಪಿಯ ಕಮಾಂಡಿಂಗ್ ಅಧಿಕಾರಿಗೆ ನೋಟಿಸ್ ಕೊಟ್ಟು 15 ದಿನ ಕಾಯುವ ನಿಯಮವಿದೆ. 'ಈ ಪ್ರಕರಣವನ್ನು ನಾವೇ ನೋಡಿಕೊಳ್ಳುತ್ತೇವೆ' ಎಂದು ಸೇನೆ ಕೇಳಿದರೆ ಅದು ಕೋರ್ಟ್ ಮಾರ್ಷಲ್‌ಗೆ ಹೋಗಬಹುದು. "ಅವರದ್ದು ಅವರೇ ನೋಡಿಕೊಳ್ಳುತ್ತಾರೆ" ಎಂಬ ಊರಿನ ಮಾತು ಬೆಳೆದದ್ದು ಬಹುಶಃ ಈ ಬಿರುಕಿನಿಂದಲೇ.

ಅವಳೂ ಸಮವಸ್ತ್ರದಲ್ಲಿದ್ದರೆ

ಕಾನೂನು ನಿಜವಾಗಿ ಸಡಿಲವಾಗುವುದು ಇಲ್ಲಿ. ಸಂತ್ರಸ್ತೆಯೂ ಸೇನೆಯವಳೇ ಆಗಿದ್ದರೆ 78ನೇ ಸೆಕ್ಷನ್‌ನ ಗೆರೆ ಅವಳ ರಕ್ಷಣೆಗೆ ಬರುವುದಿಲ್ಲ. ಆಗ ಅತ್ಯಾಚಾರದ ಪ್ರಕರಣವೂ ಕೋರ್ಟ್ ಮಾರ್ಷಲ್‌ಗೆ ಹೋಗಬಹುದು.

ಇದು ಕಾರವಾರಕ್ಕೆ ದೂರದ ಸಂಗತಿಯಲ್ಲ. ನೌಕಾಪಡೆಗೆ ಮಹಿಳಾ ಅಧಿಕಾರಿಗಳು ಬರತೊಡಗಿದ್ದು 1992ರಲ್ಲಿ. ಅವರಿಗೆ ಕಾಯಂ ಕಮಿಷನ್ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಮಾರ್ಚ್ 17ರಂದು, ಆ್ಯನಿ ನಾಗರಾಜ ಪ್ರಕರಣದಲ್ಲಿ. 2021ರ ಆರಂಭದಲ್ಲಿ ನಾಲ್ವರು ಮಹಿಳಾ ಅಧಿಕಾರಿಗಳನ್ನು ಯುದ್ಧನೌಕೆಗಳಿಗೆ ನೇಮಿಸಿದಾಗ, ಅವರಲ್ಲಿ ಇಬ್ಬರು ಹೋದದ್ದು ಕಾರವಾರವನ್ನೇ ನೆಲೆ ಮಾಡಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯಕ್ಕೆ. 2023ರ ಮಾರ್ಚ್‌ನಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಿಂದ ತರಬೇತಿ ಮುಗಿಸಿ ಹೊರಬಂದ ಮೊದಲ ಅಗ್ನಿವೀರರ ತಂಡದಲ್ಲಿ ಸುಮಾರು 270 ಯುವತಿಯರಿದ್ದರು. ನಾಲ್ಕು ವರ್ಷದ ನೌಕರಿ, ಆಮೇಲೆ ನಾಲ್ವರಲ್ಲಿ ಒಬ್ಬರಿಗಷ್ಟೇ ಕಾಯಂ ಆಗುವ ಅವಕಾಶ. ಯಾರನ್ನು ಉಳಿಸಿಕೊಳ್ಳಬೇಕೆಂಬ ನಿರ್ಧಾರದಲ್ಲಿ ಮೇಲಧಿಕಾರಿಗಳ ಅಭಿಪ್ರಾಯಕ್ಕೆ ಬೆಲೆಯಿರುವ ಜಾಗದಲ್ಲಿ, ಇಪ್ಪತ್ತು ವರ್ಷದ ಹುಡುಗಿ ಮೇಲಿನವನ ವಿರುದ್ಧ ಬಾಯಿ ಬಿಡುವುದು ಎಷ್ಟು ಕಷ್ಟವೆಂದು ಯಾರೂ ಊಹಿಸಬಹುದು.

ಬೆಂಗಳೂರಿನಲ್ಲೇ ನಡೆದ ಒಂದು ಪ್ರಕರಣವಿದೆ. ಅಲ್ಲಿ ಸೇವೆಯಲ್ಲಿದ್ದ ವಾಯುಪಡೆಯ ಯುವ ಅಧಿಕಾರಿಯೊಬ್ಬರು ಮೇಲಧಿಕಾರಿಗಳ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟರು. 2005ರಲ್ಲಿ ಕೋರ್ಟ್ ಮಾರ್ಷಲ್ ನಡೆದದ್ದು ಆಕೆಯ ಮೇಲೆ, ಹಣ ದುರುಪಯೋಗ ಮತ್ತು ಅಶಿಸ್ತಿನ ಆರೋಪಗಳಲ್ಲಿ. ಅದೇ ವರ್ಷ ಸೇವೆಯಿಂದ ವಜಾ ಆದರು. ಭಾರತದ ಸಶಸ್ತ್ರ ಪಡೆಗಳಲ್ಲಿ ಕೋರ್ಟ್ ಮಾರ್ಷಲ್ ಎದುರಿಸಿದ ಮೊದಲ ಮಹಿಳಾ ಅಧಿಕಾರಿ ಎಂದು ಆಗ ಪತ್ರಿಕೆಗಳು ಬರೆದವು. ಆಕೆ 2011ರಲ್ಲಿ ತೀರಿಕೊಂಡರು. ಕಿರುಕುಳದ ಆರೋಪಗಳನ್ನು ವಾಯುಪಡೆ ಒಪ್ಪಲಿಲ್ಲ. ಯಾರ ಮಾತು ಸರಿ ಎಂದು ತೀರ್ಪು ಕೊಡಲು ನಾವು ಕೂತಿಲ್ಲ. ದೂರು ಕೊಟ್ಟವಳು, ದೂರನ್ನು ವಿಚಾರಿಸುವವರು, ಅವಳ ಮೇಲೆ ಶಿಸ್ತುಕ್ರಮ ಕೈಗೊಳ್ಳುವವರು ಎಲ್ಲರೂ ಒಂದೇ ಸರಪಳಿಯಲ್ಲಿದ್ದರೆ, ತೀರ್ಪು ಸರಿಯಿದ್ದರೂ ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಈ ಪ್ರಕರಣವನ್ನು ಇಲ್ಲಿ ತಂದದ್ದು ಅದಕ್ಕಾಗಿ.

ಹದಿನಾರು ವರ್ಷದ ನಂತರ, 2021ರ ಸೆಪ್ಟೆಂಬರ್‌ನಲ್ಲಿ, ಕೊಯಮತ್ತೂರಿನ ವಾಯುಪಡೆ ಆಡಳಿತ ಕಾಲೇಜಿನಲ್ಲಿ ತರಬೇತಿಯಲ್ಲಿದ್ದ ಅಧಿಕಾರಿಯೊಬ್ಬರು ಸಹ ಅಧಿಕಾರಿಯ ಮೇಲೆ ಅತ್ಯಾಚಾರದ ದೂರು ಕೊಟ್ಟರು. ಒಳಗಿನ ಕ್ರಮದ ಬಗ್ಗೆ ಸಮಾಧಾನವಾಗದೆ ಊರಿನ ಮಹಿಳಾ ಠಾಣೆಗೆ ಹೋದರು. ದೂರು ಹಿಂತೆಗೆದುಕೊಳ್ಳುವಂತೆ ಒತ್ತಡ ಬಂತು, ನಿಷೇಧಿತ ಎರಡು ಬೆರಳಿನ ಪರೀಕ್ಷೆ ಮಾಡಿದರು ಎಂದು ಆರೋಪಿಸಿದರು. ಅಂಥ ಪರೀಕ್ಷೆ ನಡೆದಿಲ್ಲ ಎಂದು ವಾಯುಪಡೆಯ ಮುಖ್ಯಸ್ಥರು ಹೇಳಿದರು. ಪೊಲೀಸರು ಆರೋಪಿಯನ್ನು ಬಂಧಿಸಿದರು. ಕೆಲವೇ ದಿನಗಳಲ್ಲಿ ನ್ಯಾಯಾಲಯ ಪ್ರಕರಣವನ್ನು ವಾಯುಪಡೆಗೆ ಒಪ್ಪಿಸಿತು. ಏಕೆಂದರೆ ಇಬ್ಬರೂ ವಾಯುಪಡೆಯವರು. ಅದೇ ದೌರ್ಜನ್ಯ ಕಾಲೇಜಿನ ಅಡುಗೆ ಸಹಾಯಕಿಯ ಮೇಲೆ ನಡೆದಿದ್ದರೆ ಪ್ರಕರಣ ಸೆಷನ್ಸ್ ಕೋರ್ಟಿನಲ್ಲೇ ಉಳಿಯುತ್ತಿತ್ತು.

ಬೇರೆ ದೇಶಗಳೂ ಇದೇ ಗಂಟನ್ನು ಬಿಡಿಸಲು ಒದ್ದಾಡುತ್ತಿವೆ. ಅಮೆರಿಕದಲ್ಲಿ ಆರೋಪಿಯ ಮೇಲೆ ವಿಚಾರಣೆ ನಡೆಸಬೇಕೋ ಬೇಡವೋ ಎಂಬುದನ್ನು ದಶಕಗಳ ಕಾಲ ಕಮಾಂಡರ್‌ಗಳೇ ತೀರ್ಮಾನಿಸುತ್ತಿದ್ದರು. 2020ರಲ್ಲಿ ಟೆಕ್ಸಸ್‌ನ ಫೋರ್ಟ್ ಹುಡ್ ನೆಲೆಯಲ್ಲಿ ವನೆಸ್ಸಾ ಗಿಯೆನ್ ಎಂಬ ಯುವ ಸೈನಿಕಳ ಕೊಲೆಯಾಯಿತು. ಅದಕ್ಕೂ ಮೊದಲು ಆಕೆಗೆ ಲೈಂಗಿಕ ಕಿರುಕುಳವಾಗಿತ್ತು ಎಂಬುದು ಹೊರಬಿದ್ದ ಮೇಲೆ ಎದ್ದ ಸಿಟ್ಟು ಕಾನೂನನ್ನೇ ಬದಲಿಸಿತು. 2023ರ ಡಿಸೆಂಬರ್ 28ರಿಂದ ಆ ನಿರ್ಧಾರ ಕಮಾಂಡರ್‌ಗಳ ಕೈಯಿಂದ ಸ್ವತಂತ್ರ ಸೇನಾ ಪ್ರಾಸಿಕ್ಯೂಟರ್‌ಗಳ ಕೈಗೆ ಹೋಯಿತು. ಕೆನಡಾದಲ್ಲಿ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಲೂಯಿಸ್ ಆರ್ಬರ್ 2022ರ ವರದಿಯಲ್ಲಿ, ಇಂಥ ಅಪರಾಧಗಳನ್ನು ನಾಗರಿಕ ಪೊಲೀಸರಿಗೂ ನ್ಯಾಯಾಲಯಗಳಿಗೂ ಬಿಟ್ಟುಕೊಡಿ ಎಂದರು. ನಮ್ಮ ದೇಶ ನಾಗರಿಕ ಸಂತ್ರಸ್ತೆಯ ವಿಷಯದಲ್ಲಿ ಈ ಕೆಲಸವನ್ನು 1950ರ ದಶಕದಲ್ಲೇ ಮಾಡಿ ಮುಗಿಸಿತ್ತು. ಸಮವಸ್ತ್ರ ತೊಟ್ಟ ಹೆಣ್ಣುಮಗಳಿಗೆ ಅದೇ ಹಕ್ಕು ಏಕಿಲ್ಲ ಎಂಬುದಕ್ಕೆ, 'ಶಿಸ್ತು' ಎಂಬ ಒಂದು ಪದ ಬಿಟ್ಟರೆ, ಒಪ್ಪುವಂಥ ಉತ್ತರ ನಮಗೆ ಕಾಣುವುದಿಲ್ಲ.

ಅಮೆರಿಕದ ಇನ್ನೊಂದು ಪದ್ಧತಿಯೂ ಗಮನಿಸುವಂಥದು. ಅಲ್ಲಿ 2005ರಿಂದ ಎರಡು ಬಗೆಯ ದೂರುಗಳಿವೆ. ಒಂದರಲ್ಲಿ ತನಿಖೆ ಶುರುವಾಗುತ್ತದೆ. ಇನ್ನೊಂದರಲ್ಲಿ ಹೆಸರು ಮೇಲಧಿಕಾರಿಗೆ ಹೋಗದೆ ಚಿಕಿತ್ಸೆ, ಆಪ್ತಸಮಾಲೋಚನೆ ಮಾತ್ರ ಸಿಗುತ್ತದೆ, ಬೇಕಾದರೆ ನಂತರ ತನಿಖೆಗೆ ಬದಲಿಸಬಹುದು. ಅನಾಮಧೇಯ ಸಮೀಕ್ಷೆ ನಡೆಸಿ ಅಂಕಿಅಂಶ ಪ್ರಕಟಿಸುತ್ತಾರೆ. 2023ರ ಅಂದಾಜಿನ ಪ್ರಕಾರ ಒಂದು ವರ್ಷದಲ್ಲಿ ಸುಮಾರು 29,000 ಸೈನಿಕರು ಅನಪೇಕ್ಷಿತ ಲೈಂಗಿಕ ಸ್ಪರ್ಶ ಅಥವಾ ದಾಳಿಗೆ ಒಳಗಾಗಿದ್ದರು, ದೂರು ಕೊಟ್ಟವರು ನಾಲ್ವರಲ್ಲಿ ಒಬ್ಬರು. ಅವರಲ್ಲಿ ಗಂಡಸರೂ ಸಾಕಷ್ಟಿದ್ದರು. ಗಂಡಸರ ಮಾತು ಬಂದದ್ದರಿಂದ ಹೇಳಬೇಕು: ಹಳೆಯ ದಂಡ ಸಂಹಿತೆಯ 377ನೇ ಸೆಕ್ಷನ್ ಹೊಸ ಸಂಹಿತೆಯಲ್ಲಿ ಇಲ್ಲದ್ದರಿಂದ, ವಯಸ್ಕ ಗಂಡಸಿನ ಮೇಲೆ ಆಗುವ ಅತ್ಯಾಚಾರಕ್ಕೆ ನಮ್ಮಲ್ಲಿ ಈಗ ಪ್ರತ್ಯೇಕ ದಂಡನೆಯೇ ಇಲ್ಲ. ಬ್ಯಾರಕ್‌ಗಳಲ್ಲಿ ವಾಸಿಸುವ ಸಾವಿರಾರು ಯುವಕರಿಗೆ ಇದು ಸಣ್ಣ ವಿಷಯವಲ್ಲ.

"ಕಿರುಚಲಿಲ್ಲ ಏಕೆ? ಅಂದೇ ಹೇಳಲಿಲ್ಲ ಏಕೆ?"

ದಾಳಿಯ ಹೊತ್ತಿನಲ್ಲಿ ಮನುಷ್ಯ ಒಂದೋ ಎದುರಿಸುತ್ತಾನೆ, ಇಲ್ಲವೇ ಓಡುತ್ತಾನೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಮೂರನೆಯದೂ ಇದೆ, ಮೈ ಮರಗಟ್ಟುವುದು. ತೀವ್ರ ಭಯದಲ್ಲಿ ಕೈಕಾಲು ಆಡದೆ, ದನಿ ಹೊರಡದೆ ದೇಹ ಸ್ತಬ್ಧವಾಗುತ್ತದೆ. ಇದು ಇಚ್ಛೆಗೆ ಒಳಪಟ್ಟ ಕ್ರಿಯೆಯಲ್ಲ. ಅತ್ಯಾಚಾರದ ನಂತರ ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರನ್ನು ಮಾತಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 70ರಷ್ಟು ಮಂದಿ ಈ ಮರಗಟ್ಟುವಿಕೆಯನ್ನು ಗಣನೀಯವಾಗಿ ಅನುಭವಿಸಿದ್ದರು. ಸಮರಾಭ್ಯಾಸ ಕಲಿತವಳಾದರೆ ತಿರುಗಿ ಹೊಡೆಯುತ್ತಿದ್ದಳು ಎಂಬ ವಾದವನ್ನು ಸಮವಸ್ತ್ರದ ಹೆಣ್ಣುಮಕ್ಕಳು ಕೇಳಬೇಕಾಗುತ್ತದೆ. ತರಬೇತಿ ಪಡೆದದ್ದು ಶತ್ರುವನ್ನು ಎದುರಿಸಲಿಕ್ಕೆ. ಇಲ್ಲಿ ಎದುರಿಗಿರುವವನು ದಿನವೂ ಸೆಲ್ಯೂಟ್ ಹೊಡೆಯಬೇಕಾದವನು.

ತಡವಾದ ದೂರು ಸುಳ್ಳು ದೂರಲ್ಲ. 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್, ಮಾನ ಮರ್ಯಾದೆಯ ಅಂಜಿಕೆಯಿಂದ ಕುಟುಂಬಗಳು ತಡ ಮಾಡುವುದು ಸಹಜ, ಅದೊಂದೇ ಕಾರಣಕ್ಕೆ ಸಂತ್ರಸ್ತೆಯ ಸಾಕ್ಷ್ಯವನ್ನು ಅನುಮಾನಿಸಬಾರದು ಎಂದಿತು. ಅವಳ ಸಾಕ್ಷ್ಯ ನಂಬಲರ್ಹವಾಗಿದ್ದರೆ ಅದೊಂದೇ ಸಾಕು ಎಂದೂ ಹೇಳಿತು. ಸುಳ್ಳು ದೂರುಗಳೇ ಹೆಚ್ಚು ಎನ್ನುವವರಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದ ಹತ್ತು ವರ್ಷಗಳ 136 ದೂರುಗಳನ್ನು ಪರಿಶೀಲಿಸಿ 2010ರಲ್ಲಿ ಬಂದ ಅಧ್ಯಯನ ನೆನಪಿಸಬಹುದು. ಸುಳ್ಳೆಂದು ತೀರ್ಮಾನವಾದವು 8.

ಮೊದಲ ಮೂರು ನಾಲ್ಕು ದಿನ

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದು. ಆದರೆ ಲೈಂಗಿಕ ದೌರ್ಜನ್ಯದ ಪರೀಕ್ಷೆ, ಚಿಕಿತ್ಸೆಗೆ ಅಂಥ ಆಸ್ಪತ್ರೆ ಬೇಡ. ಅಂಕೋಲಾದ ತಾಲೂಕು ಆಸ್ಪತ್ರೆ, ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಸಾಕು. ಕೇಂದ್ರ ಸರಕಾರದ್ದಿರಲಿ, ರಾಜ್ಯದ್ದಿರಲಿ, ಖಾಸಗಿಯಿರಲಿ, ಎಲ್ಲ ಆಸ್ಪತ್ರೆಗಳೂ ಇಂಥವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಹೇಳುತ್ತದೆ. ಆ ಮಾತಿನೊಳಗೆ ನೌಕಾಪಡೆಯ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆಯೂ ಬರುತ್ತದೆ. ನಿರಾಕರಿಸಿದರೆ ಅದೇ ಒಂದು ಅಪರಾಧ, ಒಂದು ವರ್ಷದವರೆಗೆ ಜೈಲು. ಮೊದಲು ಎಫ್‌ಐಆರ್ ತನ್ನಿ, ಆಮೇಲೆ ನೋಡುತ್ತೇವೆ ಎನ್ನುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಆದರೆ ಮೈಪರೀಕ್ಷೆಗೆ ಅವಳ ಒಪ್ಪಿಗೆ ಬೇಕೇ ಬೇಕು. ಅವಳು ಪರೀಕ್ಷೆ ಬೇಡವೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಸಮಯದ ಲೆಕ್ಕ ಹೀಗಿದೆ. ಎಚ್‌ಐವಿ ಸೋಂಕು ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಯೂ 72 ಗಂಟೆಯೊಳಗೆ ಹೆಚ್ಚು ಕೆಲಸ ಮಾಡುತ್ತದೆ. ದೇಹದಿಂದ ಸಾಕ್ಷ್ಯ ಸಂಗ್ರಹಿಸಲು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ 96 ಗಂಟೆಯ ತನಕ ಅವಕಾಶ ಕೊಟ್ಟಿದೆ. ಆ ಹೊತ್ತಿಗೆ ಸ್ನಾನ ಮಾಡಿದ್ದರೂ ಹೋಗಬಹುದು. ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ನಮ್ಮ ಕರಾವಳಿಯ ಸೆಕೆಗೆ ಬೆವೆತು, ಬೂಸ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಎರಡು ಬೆರಳಿನ ಪರೀಕ್ಷೆಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಅದನ್ನು ಮಾಡುವ ಯಾರೇ ಆಗಲಿ ದುರ್ನಡತೆ ಎಸಗಿದಂತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ. ಗರ್ಭ ನಿಂತಿದ್ದರೆ, 2021ರ ತಿದ್ದುಪಡಿಯ ಪ್ರಕಾರ ಅತ್ಯಾಚಾರ ಸಂತ್ರಸ್ತೆಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಘಟನೆ ಅರ್ಗಾದಲ್ಲಿ ನಡೆದು ಅವಳು ಅಂಕೋಲಾದ ತವರಿಗೆ ಬಂದಿದ್ದರೆ ಅಂಕೋಲಾ ಪೊಲೀಸರೇ ಜೀರೋ ಎಫ್‌ಐಆರ್ ಬರೆದು ಕಳುಹಿಸಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿ ದಾಖಲಿಸಬೇಕು. ದೂರು ದಾಖಲಿಸಲು ಒಪ್ಪದ ಪೊಲೀಸರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿ ಕನಿಷ್ಠ ಆರು ತಿಂಗಳ ಜೈಲು ಶಿಕ್ಷೆಯಿದೆ. ಬರೆದುಕೊಂಡದ್ದನ್ನು ಅವಳಿಗೆ ಓದಿ ಹೇಳಬೇಕೆಂಬ ನಿಯಮ ನಮ್ಮ ಕಡೆ ಬಹಳ ಮುಖ್ಯ. ಮೀನುಗಾರರ ಕೇರಿಯಲ್ಲಿ ಮನೆಮಾತು ಕೊಂಕಣಿ, ಹಾಲಕ್ಕಿಗಳ ಕೊಪ್ಪದಲ್ಲಿ ಅವರದ್ದೇ ಕನ್ನಡ, ಗುತ್ತಿಗೆ ಕೂಲಿಯವಳಿಗೆ ಒಡಿಯಾ ಅಥವಾ ಹಿಂದಿ. ಠಾಣೆಯ ಬರವಣಿಗೆ ಮಾತ್ರ ಕಚೇರಿ ಕನ್ನಡದಲ್ಲಿ. "ಕೈ ಹಿಡಿದ" ಎಂಬುದಕ್ಕೂ "ಕೈ ಹಾಕಿದ" ಎಂಬುದಕ್ಕೂ ಕೋರ್ಟಿನಲ್ಲಿ ಇರುವ ಅಂತರ ದೊಡ್ಡದು. ಅರ್ಥವಾಗುವ ಭಾಷೆಯಲ್ಲಿ ಓದಿಸಿಕೊಳ್ಳದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಎಫ್‌ಐಆರ್ ಪ್ರತಿ ಉಚಿತ.

ಸಂತ್ರಸ್ತೆ ಮಗುವಾಗಿದ್ದರೆ ಪೋಕ್ಸೊ ಕಾಯ್ದೆ ಬರುತ್ತದೆ. ವಿಷಯ ಗೊತ್ತಿದ್ದೂ ತಿಳಿಸದಿರುವುದೇ ಅಲ್ಲಿ ಅಪರಾಧ, ಅದು ನೆಲೆಯ ಅಧಿಕಾರಿಗೂ ಅನ್ವಯ.

ಹಣದ ಮಾತು ಆಡಲು ಜನ ಸಂಕೋಚಪಡುತ್ತಾರೆ, ಪಡಬೇಕಾಗಿಲ್ಲ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆ ಅತ್ಯಾಚಾರ ಪ್ರಕರಣಕ್ಕೆ 4ರಿಂದ 7 ಲಕ್ಷ ರೂಪಾಯಿ ಪರಿಹಾರ ಸೂಚಿಸಿದೆ. ಅರ್ಜಿ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಮಧ್ಯಂತರ ಪರಿಹಾರಕ್ಕೆ ಆರೋಪಿಗೆ ಶಿಕ್ಷೆಯಾಗುವ ತನಕ ಕಾಯಬೇಕಿಲ್ಲ. ಉಚಿತ ವಕೀಲರಿಗೆ 15100, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮನಸ್ಸು ಕುಸಿದಾಗ ಟೆಲಿ ಮಾನಸ್ 14416. ಸೇನೆಯವರಿಗೂ ಅವರ ಕುಟುಂಬಗಳಿಗೂ ಟೆಲಿ ಮಾನಸ್‌ನ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರ್‌ನಿಂದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿದೆ.

ಠಾಣೆಗೆ ಹೋಗುವ ಮಟ್ಟಕ್ಕೆ ಬರುವ ಮುಂಚೆ

ಅಶ್ಲೀಲ ಮಾತು, ರಾತ್ರಿ ಬರುವ ಮೆಸೇಜು, ಪಾಸ್ ಕೊಡಬೇಕಾದರೆ ಹಾಕುವ ಷರತ್ತು. ಹೆಚ್ಚಿನ ಕಿರುಕುಳ ಶುರುವಾಗುವುದು ಇಂಥದರಿಂದ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನೌಕಾನೆಲೆಗೂ ಅನ್ವಯಿಸುತ್ತದೆ. ಗುತ್ತಿಗೆದಾರನ ಮೂಲಕ ಬಂದವಳನ್ನೂ ಆ ಕಾಯ್ದೆ ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಆಂತರಿಕ ಸಮಿತಿಗೆ ಹಿರಿಯ ಮಹಿಳೆಯೇ ಅಧ್ಯಕ್ಷೆ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ದೂರು ಮೂರು ತಿಂಗಳೊಳಗೆ, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಕೆಲಸ ಮಾಡುವವರಿಗೆ, ಮನೆಗೆಲಸದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಪಕ್ಕದ ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಮೇನಲ್ಲಿ, ಈ ಕಾಯ್ದೆಯ ಜಾರಿ ಶೋಚನೀಯವಾಗಿದೆ ಎಂದು ಬೇಸರಪಟ್ಟು, ಸಮಿತಿಗಳ ವಿವರ ಎಲ್ಲರಿಗೂ ಸಿಗುವಂತೆ ಮಾಡಿ ಎಂದಿತು. 2024ರ ಡಿಸೆಂಬರ್‌ನಲ್ಲಿ ಜಿಲ್ಲಾ ಅಧಿಕಾರಿಗಳ ನೇಮಕಕ್ಕೆ ಗಡುವನ್ನೇ ಕೊಟ್ಟಿತು.

ಸಮಿತಿಗೆ ದೂರು ಕೊಟ್ಟರೆ ಪೊಲೀಸರಿಗೆ ಕೊಡುವಂತಿಲ್ಲ ಎಂಬುದೂ ತಪ್ಪು ತಿಳಿವಳಿಕೆ. ಎರಡೂ ಒಟ್ಟಿಗೆ ನಡೆಯಬಹುದು. ಅವಳು ಬಯಸಿದರೆ ಪೊಲೀಸ್ ದೂರಿಗೆ ನೆರವಾಗುವುದು ಉದ್ಯೋಗದಾತನ ಕರ್ತವ್ಯ ಎಂದು 19ನೇ ಸೆಕ್ಷನ್ ಹೇಳುತ್ತದೆ.

ತಡೆಗಟ್ಟುವಿಕೆ ಎಂದರೆ ವರ್ಷಕ್ಕೊಂದು ಉಪನ್ಯಾಸ, ಒಂದು ಸಹಿ ಎಂದು ತಿಳಿದ ಸಂಸ್ಥೆಗಳು ಬಹಳ. ಮೂವತ್ತು ವರ್ಷಗಳ 140 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಒಂದೇ ಒಂದು ಸಲ ಪಾಠ ಮಾಡಿ ಮುಗಿಸುವ ಕಾರ್ಯಕ್ರಮಗಳಿಂದ ದೌರ್ಜನ್ಯ ಕಡಿಮೆಯಾದ ಪುರಾವೆ ಸಿಗಲಿಲ್ಲ. ಪರಿಣಾಮ ಕಂಡದ್ದು ಪದೇ ಪದೇ ನಡೆಸಿದ, ಸುತ್ತಲಿನ ವ್ಯವಸ್ಥೆಯನ್ನೂ ಬದಲಿಸಿದ ಕೆಲವೇ ಕಾರ್ಯಕ್ರಮಗಳಲ್ಲಿ. ಕತ್ತಲೆಯ ಮೂಲೆಗೆ ದೀಪ, ಒಂಟಿಯಾಗಿ ರಾತ್ರಿ ಪಾಳಿಗೆ ಕಳುಹಿಸದಿರುವುದು, ನೋಡಿಯೂ ಸುಮ್ಮನಿರುವ ಸಹೋದ್ಯೋಗಿಗೆ ಮಧ್ಯೆ ಬಾಯಿ ಹಾಕಲು ಕಲಿಸುವುದು, ಇವು ಆ ದಾರಿಯ ಕೆಲಸಗಳು.

ಕಾಯ್ದೆ ಹೇಳುವ ಇನ್ನೊಂದು ಸಣ್ಣ ಕೆಲಸಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಸಮಿತಿ ರಚನೆಯ ಆದೇಶವನ್ನು, ಕಿರುಕುಳಕ್ಕೆ ಏನು ಶಿಕ್ಷೆ ಎಂಬುದನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಅಧಿಕಾರಿಗಳ ಕೊಠಡಿಯ ಇಂಗ್ಲಿಷ್ ಬೋರ್ಡನ್ನು ಗುತ್ತಿಗೆ ಕೂಲಿಯವಳು ನೋಡುವುದೇ ಇಲ್ಲ. ಬೆಳಿಗ್ಗೆ ಅವಳು ಸಾಲಿನಲ್ಲಿ ನಿಲ್ಲುವುದು ಪಾಸ್ ತೋರಿಸುವ ಕಡೆ. ಬೋರ್ಡು ಅಲ್ಲಿರಬೇಕು, ಕನ್ನಡದಲ್ಲಿ, ಹಿಂದಿಯಲ್ಲಿ ಮತ್ತು ಕನ್ನಡ ಅಕ್ಷರದ ಕೊಂಕಣಿಯಲ್ಲಿ, ಹೊರಗಿನ ಸದಸ್ಯೆಯ ಫೋನ್ ನಂಬರ್ ಸಮೇತ.